ಅಂಗಳದ ಪರಸಿಗೆ ಕಲೆ ಬೀಳದಂತೆ ಕಾರಿನ ಎಂಜಿನ್ ಆಯಿಲ್ ಇಳಿಸುವುದು ಹೇಗೆ?

ಆಲ್ಟೊ ಟೀಚರ್, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್. ಶಾಲೆ ಬಬಲೇಶ್ವರದ ಕಡೆ ಇದೆ, ಮನೆ ವಿಜಯಪುರದಲ್ಲಿ. ಬಸ್ಸಿಗೆ ಕಾದು ಸಾಕಾಗಿ ಒಂದು ಹಳೆಯ ಆಲ್ಟೊ ತಗೊಂಡೆ. ದಿನಾ ಶಾಲೆಗೆ ಹೋಗಿ ಬರುವುದು, ತಿಂಗಳಿಗೆ ಒಮ್ಮೆ ಇಂಡಿಗೆ ತವರುಮನೆಗೆ ಹೋಗುವುದು, ಇಷ್ಟೇ ಓಡಾಟ.

ನಮ್ಮಪ್ಪ ತಮ್ಮ ಸ್ಕೂಟರನ್ನು ತಾವೇ ಬಿಚ್ಚಿ ಜೋಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಪಾನಾ ಎತ್ತಿ ಕೊಡುತ್ತಿದ್ದೆ. ಹಾಗಾಗಿ ನನ್ನ ಕಾರಿನ ಸಣ್ಣಪುಟ್ಟ ಕೆಲಸ ನಾನೇ ಮಾಡಬೇಕು ಅಂತ ಮೊದಲಿನಿಂದಲೂ ಆಸೆ. ಹೋದ ಆಷಾಢದಲ್ಲಿ ಮೊದಲ ಸಲ ಆಯಿಲ್ ಇಳಿಸಿದೆ. ಅದು ಸರಿಯಾಗಿ ಆಗಲಿಲ್ಲ.

ಏನಾಯ್ತು ಅಂತ ಪೂರ್ತಿ ಹೇಳುತ್ತೇನೆ. ಕೆಳಗೆ ಒಂದು ಅಗಲವಾದ ಬೋಗುಣಿ ಇಟ್ಟಿದ್ದೆ. ಆಯಿಲ್ ಇಳಿಸಲು ಎಂಜಿನ್ ಅಡಿಗೆ ಇರುವ ಬೋಲ್ಟ್ ಬಿಚ್ಚಿದ ಕೂಡಲೇ ಆಯಿಲ್ ನೆಟ್ಟಗೆ ಕೆಳಗೆ ಬೀಳುತ್ತದೆ ಅಂದುಕೊಂಡಿದ್ದೆ. ಅದು ಓರೆಯಾಗಿ ಚಿಮ್ಮಿ ಬೋಗುಣಿ ದಾಟಿ ನೆಲಕ್ಕೆ ಬಿತ್ತು. ಬಿಸಿ ತಾಗಿ ಕೈ ಬಿಟ್ಟೆ, ಬೋಲ್ಟ್ ಆಯಿಲಿನೊಳಗೆ ಹೋಯ್ತು. ಕೊನೆಗೆ ಧಾರೆ ಸಣ್ಣಗಾದಾಗ ಗಾಳಿ ಬಂದು ಅದನ್ನೂ ಗೋಡೆಯ ಕಡೆ ಎಳೆಯಿತು. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಇಷ್ಟಾದ ಮೇಲೆ ತುಂಬಿದ ಬೋಗುಣಿ ಎತ್ತಿಕೊಂಡು ಕ್ಯಾನಿನ ಹತ್ತಿರ ಹೋಗುವಾಗ ಮೂರು ಕಡೆ ಚೆಲ್ಲಿದೆ.

ಅಂಗಳಕ್ಕೆ ಹಾಸಿರುವುದು ಶಾಬಾದ್ ಪರಸಿ. ಒಂದು ಕಲೆ ಜೋಳದ ರೊಟ್ಟಿಯಷ್ಟು ದೊಡ್ಡದು. ಅದು ಬಿದ್ದಿರುವುದು ಮನೆ ಮಾಲೀಕರ ತಾಯಿ ದಿನಾ ಬೆಳಿಗ್ಗೆ ರಂಗೋಲಿ ಹಾಕುವ ಜಾಗದಲ್ಲಿ. ಆಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಮರುದಿನದಿಂದ ರಂಗೋಲಿಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ ಹಾಕತೊಡಗಿದರು. ದಿನಾ ಬಾಗಿಲು ತೆಗೆದಾಗ ಅದು ಕಣ್ಣಿಗೆ ಬೀಳುತ್ತದೆ. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಆಮೇಲೆ ಗಾಡಿ ಸುಮಾರು 8,000 ಕಿ.ಮೀ. ಓಡಿದೆ. ಮತ್ತೆ ಆಯಿಲ್ ಬದಲಿಸುವ ಹೊತ್ತು ಬಂದಿದೆ. ಗ್ಯಾರೇಜಿಗೆ ಕೊಟ್ಟುಬಿಡು ಅಂತ ಎಲ್ಲರೂ ಹೇಳುತ್ತಿದ್ದಾರೆ. ಆದರೆ ನನಗೆ ಇದನ್ನು ಸರಿಯಾಗಿ ಕಲಿಯಬೇಕು. ಒಂದು ಹನಿಯೂ ನೆಲಕ್ಕೆ ಬೀಳದಂತೆ ಮಾಡಲು ಆಗುತ್ತದೆಯೇ? ಹಳೆಯ ಕಲೆ ತೆಗೆಯಲು ದಾರಿ ಇದೆಯೇ? ಆಗ ಇಳಿಸಿದ ಆಯಿಲ್ ಇನ್ನೂ ಮೆಟ್ಟಿಲ ಕೆಳಗೆ ಕ್ಯಾನಿನಲ್ಲಿದೆ. ಅದನ್ನು ಏನು ಮಾಡಲಿ?

ಸ್ಪ್ಲೆಂಡರ್ ಸವಾರ, ಬಾಗಲಕೋಟೆ

ಅಕ್ಕಾ, ನಾನು ನವನಗರದಲ್ಲಿ ಇರುತ್ತೇನೆ. ಕಾರಿನದು ಗೊತ್ತಿಲ್ಲ, ಬೈಕಿನದು ಹೇಳುತ್ತೇನೆ. ಸ್ಪ್ಲೆಂಡರಿನಲ್ಲಿ ಇರುವುದು ಒಂದು ಲೀಟರಿಗಿಂತ ಕಡಿಮೆ ಆಯಿಲ್. ಡಬಲ್ ಸ್ಟ್ಯಾಂಡ್ ಹಾಕಿ, 17ರ ಪಾನಾದಿಂದ ಕೆಳಗಿನ ಬೋಲ್ಟ್ ಬಿಚ್ಚುತ್ತೇನೆ. ಧಾರೆ ಸ್ಟ್ಯಾಂಡಿಗೆ ತಾಗಿ ನಾಲ್ಕು ಕಡೆ ಹರಿಯುತ್ತಿತ್ತು. ಈಗ ಹಾಲಿನ ಪ್ಯಾಕೆಟ್ ಉದ್ದಕ್ಕೆ ಕತ್ತರಿಸಿ ದೋಣಿ ಹಾಗೆ ಮಡಚಿ ಬೋಲ್ಟಿನ ಕೆಳಗೆ ಹಿಡಿಯುತ್ತೇನೆ. ಆಯಿಲ್ ಅದರ ಮೇಲಿಂದ ಹರಿದು ಡಬ್ಬಿಗೆ ಬೀಳುತ್ತದೆ. ಅಡಿಗೆ ಟಿವಿ ಬಂದಿದ್ದ ದೊಡ್ಡ ರಟ್ಟು ಹಾಸುತ್ತೇನೆ.

ಹಳೆ ಆಯಿಲನ್ನು ನಮ್ಮ ದೊಡ್ಡಪ್ಪನಿಗೆ ಕೊಡುತ್ತೇನೆ. ಅವರು ಹೊಲದ ಬೇಲಿ ಗೂಟಗಳಿಗೆ ಬಳಿಯುತ್ತಾರೆ, ಗೊರಲಿ (ಗೆದ್ದಲು) ಹತ್ತುವುದಿಲ್ಲ. ನೀವೂ ಯಾರಾದರೂ ರೈತರಿಗೆ ಕೊಟ್ಟರೆ ಆಯ್ತು ಅಲ್ವಾ?

ಲೇಥ್ ಕಾಕಾ, ಬೆಳಗಾವಿ

ತಂಗಿ, ನಾನು ಉದ್ಯಮಬಾಗದಲ್ಲಿ 31 ವರ್ಷ ಲೇಥ್ ಮಷೀನಿನ ಮೇಲೆ ಕೆಲಸ ಮಾಡಿದವನು. ಈಗ ಮನೆಯಲ್ಲೇ ಇದ್ದೇನೆ. ನಮ್ಮ ಮನೆಯ ಕಾರು, ಇಬ್ಬರು ಮಕ್ಕಳ ಬೈಕು, ಓಣಿಯ ನಾಲ್ಕಾರು ಗಾಡಿಗಳ ಆಯಿಲ್ ನಾನೇ ಇಳಿಸುತ್ತೇನೆ. ಒಂದು ಹನಿಯೂ ಬೀಳದಂತೆ ಮಾಡಲು ಆಗುತ್ತದೆ. ಖಂಡಿತ ಆಗುತ್ತದೆ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೋಲ್ಟ್ ಬಿಚ್ಚುವಾಗ ಚೆಲ್ಲಿದ್ದು ಒಂದು ಕಡೆ. ಬೋಗುಣಿ ಎತ್ತಿಕೊಂಡು ನಡೆಯುವಾಗ ಚೆಲ್ಲಿದ್ದು ಮೂರು ಕಡೆ. ನಾನು ಇಷ್ಟು ವರ್ಷದಲ್ಲಿ ನೋಡಿದ್ದೂ ಅದನ್ನೇ. ಎಲ್ಲರ ಗಮನವೂ ಬೋಲ್ಟಿನ ಮೇಲೆ ಇರುತ್ತದೆ. ಆದರೆ ಆಯಿಲ್ ಜಾಸ್ತಿ ಚೆಲ್ಲುವುದು ಪಾತ್ರೆಯಿಂದ ಪಾತ್ರೆಗೆ ಹೋಗುವಾಗ. ಆದ್ದರಿಂದ ಮೊದಲು ಬೋಗುಣಿ ಬಿಡಿ. ಯಾವುದರಲ್ಲಿ ಆಯಿಲ್ ಬೀಳುತ್ತದೆಯೋ ಅದನ್ನೇ ಎತ್ತಿಕೊಂಡು ಹೋಗುವಂತಿರಬೇಕು, ಅದರ ಬಾಯಿಂದಲೇ ಸುರಿಯುವಂತಿರಬೇಕು.

ಅಡುಗೆ ಎಣ್ಣೆಯ 5 ಲೀಟರ್ ಕ್ಯಾನ್ ತಗೊಳ್ಳಿ. ಹಾಲಿನ ಬಣ್ಣದ ದಪ್ಪ ಪ್ಲಾಸ್ಟಿಕ್ ಇರುತ್ತದಲ್ಲ, ಅದು. ಆರಪಾರ ಕಾಣುವ ತೆಳ್ಳನೆಯ ಕ್ಯಾನ್ ಬೇಡ, ಬಿಸಿ ಆಯಿಲಿಗೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಒಳಗಿನ ಎಣ್ಣೆ ಪೂರ್ತಿ ಒರೆಸಿ ತೆಗೆಯಿರಿ. ಕ್ಯಾನನ್ನು ಅದರ ಅಗಲ ಬದಿಯ ಮೇಲೆ ಮಲಗಿಸಿ. ಮೇಲೆ ಬಂದ ಬದಿಯಲ್ಲಿ ಒಂದು ಕಿಟಕಿ ಕತ್ತರಿಸಿ. ಸುತ್ತಲೂ ಒಂದು ಇಂಚು ಅಂಚು ಬಿಡಿ, ಪೂರ್ತಿ ಕತ್ತರಿಸಬೇಡಿ. ಈ ಒಂದು ಇಂಚೇ ಮುಖ್ಯ. ಕ್ಯಾನ್ ಎಳೆಯುವಾಗ ಒಳಗೆ ಅಲೆ ಎದ್ದರೆ ಅದು ಅಂಚಿಗೆ ಬಡಿದು ಒಳಗೇ ವಾಪಸ್ ಬೀಳುತ್ತದೆ. ಬೋಗುಣಿಗೆ ಅಂಥ ಅಂಚು ಇರುವುದಿಲ್ಲ, ಅದಕ್ಕೇ ಅದು ಚೆಲ್ಲುತ್ತದೆ.

ಮುಚ್ಚಳ ಗಟ್ಟಿಯಾಗಿ ಹಾಕಿರಬೇಕು. ಒಂದು ಲೋಟ ನೀರು ಹಾಕಿ ಅಲ್ಲಾಡಿಸಿ, ಮುಚ್ಚಳದಿಂದ ಸೋರುತ್ತದೆಯೇ ಅಂತ ನೋಡಿ, ಆಮೇಲೆ ಒಣಗಿಸಿ. ನಿಮ್ಮ ಗಾಡಿಯಲ್ಲಿ ಇರುವುದು ಮೂರು ಲೀಟರಿನ ಆಸುಪಾಸು. ಮಲಗಿಸಿದ 5 ಲೀಟರ್ ಕ್ಯಾನಿನಲ್ಲಿ ಅದು ಆರಾಮಾಗಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಳ ತೆಗೆದು, ಮೆಲ್ಲಗೆ ಆ ಕಡೆ ಬಾಗಿಸಿದರೆ ಆಯಿಲ್ ಸಣ್ಣ ಬಾಯಿಂದ ಲಾಳಿಕೆಗೆ ಇಳಿಯುತ್ತದೆ. ಇಡೀ ಕೆಲಸದಲ್ಲಿ ಸುರಿಯುವುದು ಅದೊಂದೇ ಸಲ.

ಇನ್ನು ಧಾರೆಯ ವಿಷಯ. ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರ್ ತುಂಬಿರುವಾಗ ಆಯಿಲಿನ ಒತ್ತಡ ಜಾಸ್ತಿ. ಆ ಬೋಲ್ಟ್ ಎಷ್ಟೋ ಗಾಡಿಗಳಲ್ಲಿ ಓರೆಯಾಗಿ ಇರುತ್ತದೆ. ಅದಕ್ಕೇ ಮೊದಲ ಕ್ಷಣ ದೂರಕ್ಕೆ ಚಿಮ್ಮುತ್ತದೆ. ಮಟ್ಟ ಇಳಿದಂತೆ ಧಾರೆ ಹಿಂದಕ್ಕೆ ಬರುತ್ತಾ ಬೋಲ್ಟಿನ ತೂತಿನ ಕೆಳಗೇ ಬೀಳತೊಡಗುತ್ತದೆ. ಅಂದರೆ ಕ್ಯಾನ್ ಒಂದೇ ಕಡೆ ಇಟ್ಟರೆ ಆಗದು. ಬೋಲ್ಟಿನ ತಲೆ ಯಾವ ಕಡೆ ಮುಖ ಮಾಡಿದೆ ಅಂತ ಮೊದಲೇ ನೋಡಿ. ಆ ಕಡೆಗೆ ಕ್ಯಾನಿನ ಉದ್ದ ಬರುವಂತೆ ಇಡಿ. ಧಾರೆ ಹಿಂದಕ್ಕೆ ಬಂದ ಹಾಗೆ ನೀವೂ ಕ್ಯಾನನ್ನು ಮೆಲ್ಲಗೆ ಎಳೆಯಿರಿ.

ಬೋಲ್ಟ್ ಸಡಿಲ ಮಾಡುವುದಕ್ಕೆ ಮಾತ್ರ ಪಾನಾ. ರಿಂಗ್ ಪಾನಾ ಇರಲಿ, ತೆರೆದ ಬಾಯಿಯ ಪಾನಾ ಬೇಡ, ಮೂಲೆ ತಿಂದುಹಾಕುತ್ತದೆ. ಸಡಿಲವಾದ ಮೇಲೆ ಬೆರಳಿನಿಂದ ತಿರುಗಿಸಿ. ತಿರುಗಿಸುವಾಗ ಬೋಲ್ಟನ್ನು ಒಳಕ್ಕೆ, ಎಂಜಿನ್ ಕಡೆಗೆ ಒತ್ತಿ ಹಿಡಿದಿರಿ. ಒತ್ತಿ ಹಿಡಿದರೆ ಥ್ರೆಡ್ ಪೂರ್ತಿ ಬಿಟ್ಟ ಮೇಲೂ ತೂತು ಮುಚ್ಚಿಕೊಂಡೇ ಇರುತ್ತದೆ. ಆಯಿಲ್ ಯಾವಾಗ ಬರಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ. ಥ್ರೆಡ್ ಬಿಟ್ಟದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಒಂದೇ ಸಲಕ್ಕೆ, ಧಾರೆ ಬರದ ಬದಿಗೆ ಕೈ ಎಳೆದುಕೊಳ್ಳಿ. ಮೊಣಕೈ ಕೆಳಗೆ, ಬೆರಳು ಮೇಲೆ ಇದ್ದರೆ ಆಯಿಲ್ ತೋಳಿನ ಮೇಲೆ ಇಳಿಯುತ್ತದೆ. ಹಾಗಾಗಿ ಕೈ ಅಡ್ಡವಾಗಿ ನೆಲಕ್ಕೆ ಸಮನಾಗಿ ಇರಲಿ. ತೆಳ್ಳನೆಯ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಹಳೆ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ. ಮೇಲಿಂದ ಮೇಲೆ, ವರ್ಷಗಟ್ಟಲೆ ತಾಗಿದರೆ ಚರ್ಮದ ಕ್ಯಾನ್ಸರಿನ ಅಪಾಯವೂ ಇದೆ. ನಾವು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ.

ಬಿಸಿ ಎಷ್ಟಿರಬೇಕು ಅಂದರೆ, ಕೈ ಸುಡಬಾರದು, ಆಯಿಲ್ ಮಾತ್ರ ತೆಳ್ಳಗಾಗಿರಬೇಕು. ಈಗ ಚಳಿ ಇದೆ. ಬೆಳಿಗ್ಗೆ ಎಂಜಿನನ್ನು ನಾಲ್ಕೈದು ನಿಮಿಷ ಓಡಿಸಿ, ಬಂದ್ ಮಾಡಿ, ಹತ್ತು ನಿಮಿಷ ಬಿಡಿ. ಶಾಲೆಯಿಂದ ಬಂದ ಕೂಡಲೇ ಬಿಚ್ಚಬೇಡಿ, ಹೋದ ಸಲ ನಿಮ್ಮ ಕೈ ಸುಟ್ಟದ್ದು ಅದಕ್ಕೇ ಇರಬೇಕು. ಏಪ್ರಿಲ್–ಮೇ ಬಿಸಿಲಲ್ಲಿ ನಿಂತ ಗಾಡಿಯಾದರೆ ಒಂದು ನಿಮಿಷ ಓಡಿಸಿದರೂ ಸಾಕು. ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ. ಅದು ಮುಚ್ಚಿದ್ದರೆ ಧಾರೆ ಗುಳುಗುಳು ಅಂತ ತಡೆದು ತಡೆದು ಬಂದು ಸಿಡಿಯಬಹುದು.

ಗಾಳಿಗೆ ಉಪಾಯ ಸುಲಭ. ದೊಡ್ಡ ರಟ್ಟಿನ ಪೆಟ್ಟಿಗೆ ಒಡೆದು ಗಾಳಿ ಬರುವ ಕಡೆ ಗಾಲಿಗೆ ಆನಿಸಿ ನಿಲ್ಲಿಸಿ. ಕೆಳಗೆ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರಟ್ಟು. ಬರೇ ರಟ್ಟು ಹಾಸಿದರೆ ಆಯಿಲ್ ಹೀರಿ ಕೆಳಗಿನ ಕಲ್ಲಿಗೇ ಬಿಡುತ್ತದೆ. ಬರೇ ಪ್ಲಾಸ್ಟಿಕ್ ಆದರೆ ಬಿದ್ದ ಹನಿ ಜಾರಿ ಅಂಚಿಗೆ ಹರಿಯುತ್ತದೆ. ಎರಡೂ ಬೇಕು.

ಒಂದು ಮಾತು ತಂಗಿ, ಇದನ್ನು ಮಾತ್ರ ಮರೆಯಬೇಡಿ. ಬರೇ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಯಾಗಲಿ ತಲೆಯಾಗಲಿ ಹಾಕಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಟ್ಟು ಎತ್ತಬೇಡಿ, ಅವು ಹೇಳದೇ ಕೇಳದೇ ಒಡೆಯುತ್ತವೆ. ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಪಾನಾ ತರಲು ಒಳಗೆ ಹೋದಾಗ ಜಾಕ್ ಜಾರಿ ಕಾರು ಕೆಳಗೆ ಕೂತಿತು. ಅರ್ಧ ನಿಮಿಷ ಮೊದಲು ಅವನು ಅದರ ಕೆಳಗಿದ್ದ. ನಾನು ದಪ್ಪ ಹಲಗೆಗಳನ್ನು ಮೆಟ್ಟಿಲಂತೆ ಒಂದರ ಮೇಲೆ ಒಂದು ಮೊಳೆ ಹೊಡೆದು ಎರಡು ರ‍್ಯಾಂಪ್ ಮಾಡಿಕೊಂಡಿದ್ದೇನೆ. ಮುಂದಿನ ಎರಡು ಗಾಲಿ ಅದರ ಮೇಲೆ ಹತ್ತಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಟ್ಟು, ಹಿಂದಿನ ಗಾಲಿಗೆ ಕಲ್ಲು ಕೊಡುತ್ತೇನೆ. ನಿಮ್ಮ ಊರಲ್ಲಿ ಯಾವ ಬಡಗಿಗೆ ಹೇಳಿದರೂ ಮಾಡಿಕೊಡುತ್ತಾರೆ.

ಧಾರೆ ನಿಂತ ಮೇಲೂ ಹನಿ ಬೀಳುತ್ತಿರುತ್ತದೆ. ಹದಿನೈದು ನಿಮಿಷ ಬಿಡಿ. ಅವಸರ ಮಾಡಿ ಬೋಲ್ಟ್ ಹಾಕಿದರೆ ಒರೆಸಿದ ಜಾಗಕ್ಕೆ ಮತ್ತೆ ಆಯಿಲ್ ಇಳಿಯುತ್ತದೆ. ಬೋಲ್ಟಿನ ವಾಷರ್ ಹೊಸದು ಹಾಕಿ, ಅದಕ್ಕೆ ದುಡ್ಡು ಏನೂ ಜಾಸ್ತಿ ಇಲ್ಲ. ಹಳೆಯ ವಾಷರ್ ಒಮ್ಮೆ ಒತ್ತಿ ಚಪ್ಪಟೆಯಾಗಿರುತ್ತದೆ, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಆಮೇಲೆ ದಿನಾ ಒಂದೊಂದು ಹನಿ ಬಿದ್ದು ಆಯಿಯ ಪರಸಿಗೆ ಹೊಸ ಕಲೆ ಆಗುತ್ತದೆ. ಸೋರಬಾರದು ಅಂತ ಬೋಲ್ಟನ್ನು ವಿಪರೀತ ಬಿಗಿ ಮಾಡುವವರೂ ಇದ್ದಾರೆ. ಥ್ರೆಡ್ ಹೋದ ಚೇಂಬರುಗಳು ನಮ್ಮ ಲೇಥಿಗೆ ಎಷ್ಟು ಬಂದಿವೆ ಅಂತ ಲೆಕ್ಕ ಇಟ್ಟಿಲ್ಲ. ಮೊದಲು ಬೆರಳಿನಿಂದಲೇ ಕೊನೆವರೆಗೆ ತಿರುಗಿಸಿ. ಆಮೇಲೆ ಪಾನಾದಿಂದ ವಾಷರ್ ಹಿಡಿಯುವಷ್ಟು. ಎಷ್ಟು ಬಿಗಿಯಾಯ್ತು ಅಂತ ಅಳೆದು ತೋರಿಸುವ ಟಾರ್ಕ್ ಪಾನಾ ಯಾರ ಹತ್ತಿರವಾದರೂ ಸಿಕ್ಕರೆ ಗಾಡಿ ಪುಸ್ತಕದ ಅಂಕಿ ನೋಡಿ ಬಿಗಿ ಮಾಡಿ, ಅದು ಎಲ್ಲಕ್ಕಿಂತ ಒಳ್ಳೆಯದು.

ಫಿಲ್ಟರ್ ಮತ್ತು ಕಲೆಯ ವಿಷಯ ಸಂಜೆ ಬರೆಯುತ್ತೇನೆ. ಮೊಮ್ಮಗಳನ್ನು ಶಾಲೆಯಿಂದ ಕರೆತರಬೇಕು.

ಟ್ಯಾಕ್ಸಿ, ಬಾದಾಮಿ

ಕಾಕಾ ಹೇಳಿದ್ದು ಸರಿ. ನಾನು ಇನ್ನೊಂದು ದಾರಿ ಹೇಳುತ್ತೇನೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಗಾಡಿ ನನ್ನದು. ಆಯಿಲ್ ಬೇಗ ಬೇಗ ಬದಲಿಸಬೇಕಾಗುತ್ತದೆ. ಕೈಯಿಂದ ಎಳೆಯುವ ವ್ಯಾಕ್ಯೂಮ್ ಪಂಪ್ ಇಟ್ಟುಕೊಂಡಿದ್ದೇನೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್ ಸ್ಟಿಕ್ ತೆಗೆದು ಆ ಕೊಳವೆಯೊಳಗೆ ಸಣ್ಣ ಪೈಪ್ ತಳದವರೆಗೆ ಇಳಿಸಿ ಎಳೆದರೆ ಆಯಿಲ್ ಸೀದಾ ಪಂಪಿನ ಡಬ್ಬಿಗೆ ಬರುತ್ತದೆ. ಗಾಡಿ ಎತ್ತುವುದೂ ಇಲ್ಲ, ಕೆಳಗೆ ಮಲಗುವುದೂ ಇಲ್ಲ. ಆಯಿಲ್ ಬೆಚ್ಚಗಿರಬೇಕು ಅಷ್ಟೇ, ತಣ್ಣಗಿದ್ದರೆ ತಾಸುಗಟ್ಟಲೆ ಹಿಡಿಯುತ್ತದೆ.

ಲೇಥ್ ಕಾಕಾ, ಬೆಳಗಾವಿ

ಪಂಪ್ ಒಳ್ಳೆಯದೇ, ತಮ್ಮಾ. ಅಂಗಳ ಸ್ವಚ್ಛ ಉಳಿಯುತ್ತದೆ. ಆದರೆ ನನಗೆ ಬೋಲ್ಟ್ ಬಿಚ್ಚಿ ನೋಡುವುದೇ ಇಷ್ಟ. ಬೋಲ್ಟಿನ ತುದಿಗೆ ಏನು ಅಂಟಿದೆ ಅನ್ನುವುದು ಎಂಜಿನ್ನಿನ ಆರೋಗ್ಯ ಹೇಳುತ್ತದೆ. ಕಾಡಿಗೆಯಂಥ ಸಣ್ಣ ಲೇಪ ಇದ್ದರೆ ಚಿಂತೆ ಇಲ್ಲ. ಬೆರಳಿಗೆ ತಾಗುವ ಲೋಹದ ಚೂರು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಬೇಕು. ತಂಗಿ, ಹಳೆಯ ಸ್ಪೀಕರಿನ ಅಯಸ್ಕಾಂತ ಸಿಕ್ಕರೆ ದಾರ ಕಟ್ಟಿ ಇಟ್ಟುಕೊಳ್ಳಿ. ಬೋಲ್ಟ್ ಕ್ಯಾನಿಗೆ ಬಿದ್ದರೂ ಕೈ ಹಾಕದೆ ಎತ್ತಬಹುದು.

ಈಗ ಫಿಲ್ಟರ್. ಬೋಲ್ಟ್ ಹಾಕಿ ಬಿಗಿ ಮಾಡಿದ ಮೇಲೆಯೇ ಫಿಲ್ಟರ್ ಮುಟ್ಟಿ. ಅದರೊಳಗೂ ಒಂದು ಲೋಟದಷ್ಟು ಆಯಿಲ್ ನಿಂತಿರುತ್ತದೆ. ಫಿಲ್ಟರಿಗೆ ದಪ್ಪ ಪ್ಲಾಸ್ಟಿಕ್ ಚೀಲ ತೊಡಿಸಿ, ಚೀಲದ ಹೊರಗಿನಿಂದಲೇ ಹಿಡಿದು ಕಾಲು ಸುತ್ತು ಸಡಿಲ ಮಾಡಿ. ಅಲ್ಲೇ ನಿಲ್ಲಿ. ಅಂಚಿನಿಂದ ಆಯಿಲ್ ಚೀಲಕ್ಕೆ ಇಳಿಯುತ್ತದೆ. ಇಳಿಯುವುದು ನಿಂತ ಮೇಲೆ ಪೂರ್ತಿ ಬಿಚ್ಚಿ, ಚೀಲದ ಸಮೇತ ಹೊರಗೆ ತನ್ನಿ.

ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯೇ ಅಂತ ನೋಡಿ. ಎಷ್ಟೋ ಸಲ ಅದು ಎಂಜಿನಿಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ರಿಂಗ್ ಎರಡಾಗುತ್ತವೆ. ಎಂಜಿನ್ ಚಾಲೂ ಮಾಡಿದ ಕೂಡಲೇ ಆಯಿಲ್ ಒತ್ತಡಕ್ಕೆ ಅದು ಜಾರಿ, ಹೊಸ ಆಯಿಲ್ ಎಲ್ಲಾ ನೆಲಕ್ಕೆ ಬರುತ್ತದೆ. ಅಂಗಳದ ಮಾತು ಬಿಡಿ, ಎಂಜಿನ್ ಕೂಡ ಹೋಗುತ್ತದೆ. ಹೊಸ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರಿ. ರಿಂಗ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಪಾನಾ ಬೇಡ.

ಹೊಸ ಆಯಿಲನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ಹಾಕಿ, ಒಂದು ನಿಮಿಷ ಎಂಜಿನ್ ಓಡಿಸಿ, ಬಂದ್ ಮಾಡಿ, ಬೋಲ್ಟ್, ಫಿಲ್ಟರ್ ಎರಡೂ ಕಡೆ ಟಾರ್ಚ್ ಬಿಟ್ಟು ನೋಡಿ. ಗಾಡಿಯನ್ನು ಸಮ ನೆಲಕ್ಕೆ ಇಳಿಸಿ ಹತ್ತು ನಿಮಿಷದ ಮೇಲೆ ಡಿಪ್ ಸ್ಟಿಕ್ ನೋಡಿ, ಬೇಕಾದಷ್ಟು ಸೇರಿಸಿ. ರ‍್ಯಾಂಪ್ ಮೇಲೆ ನಿಂತಾಗ ನೋಡಿದರೆ ಅಳತೆ ತಪ್ಪುತ್ತದೆ.

ಕಲೆಯ ವಿಷಯಕ್ಕೆ ಬರುತ್ತೇನೆ. ಸಂಡಾಸ್ ತೊಳೆಯುವ ಆಸಿಡ್ ಮಾತ್ರ ಹಾಕಬೇಡಿ. ಶಾಬಾದ್ ಪರಸಿ ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ನೊರೆ ಎದ್ದು ಕಲ್ಲನ್ನೇ ತಿನ್ನುತ್ತದೆ, ಆಯಿಲ್ ಮಾತ್ರ ಅಲ್ಲೇ ಇರುತ್ತದೆ. ಎಣ್ಣೆ ಕಲ್ಲಿನ ಒಳಗೆ ಇಳಿದಿದೆ. ಮೇಲೆ ತಿಕ್ಕಿದರೆ ಬರುವುದಿಲ್ಲ, ಅದನ್ನು ಹೊರಗೆ ಹೀರಿ ತೆಗೆಯಬೇಕು. ನೀವು ಟೀಚರ್ ಅಲ್ವಾ, ಸೀಮೆಸುಣ್ಣದ ಪುಡಿ ನಿಮ್ಮಲ್ಲೇ ಸಿಗುತ್ತದೆ. ಆ ಪುಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್, ಸ್ವಲ್ಪ ವಾಷಿಂಗ್ ಸೋಡಾ, ಬೇಕಾದಷ್ಟೇ ಬಿಸಿನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಕಲೆಯ ಮೇಲೆ ಅರ್ಧ ಇಂಚು ದಪ್ಪ ಮೆತ್ತಿ. ಪ್ಲಾಸ್ಟಿಕ್ ಮುಚ್ಚಿ ಒಂದು ರಾತ್ರಿ ಬಿಡಿ. ಮರುದಿನ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗಲೇ ಅದು ಎಣ್ಣೆ ಹೀರುವುದು. ಒಣಗಿದ ಮೇಲೆ ಕೆರೆದು ತೆಗೆಯಿರಿ. ಆರು ತಿಂಗಳ ಕಲೆ, ಒಂದೇ ಸಲಕ್ಕೆ ಹೋಗದು. ನಾಲ್ಕೈದು ಸಲ ಮಾಡಬೇಕು. ಮೊದಲು ಮೂಲೆಯ ಕಲ್ಲಿನ ಮೇಲೆ ಸ್ವಲ್ಪ ಹಾಕಿ ನೋಡಿ.

ಕಬ್ಬಿನ ಟ್ರ್ಯಾಕ್ಟರ್, ಜಮಖಂಡಿ

ಬಾಗಲಕೋಟೆ ತಮ್ಮನಿಗೆ ಒಂದು ಮಾತು. ನಮ್ಮದು ಕೃಷ್ಣಾ ದಂಡೆಯ ಹೊಲ. ನಮ್ಮಪ್ಪನ ಕಾಲದಿಂದ ಟ್ರ್ಯಾಕ್ಟರಿನ ಆಯಿಲನ್ನು ಬೇವಿನ ಗಿಡದ ಕೆಳಗೆ ಮಣ್ಣಿಗೇ ಬಿಡುತ್ತಿದ್ದೆವು. ಯಾರೂ ಅದನ್ನು ತಪ್ಪು ಅಂದುಕೊಂಡಿರಲಿಲ್ಲ. ಆ ಜಾಗದಲ್ಲಿ ಇವತ್ತಿಗೂ ಹುಲ್ಲು ಹುಟ್ಟುವುದಿಲ್ಲ. ಮಳೆ ನೀರು ಇಂಗುವುದಿಲ್ಲ, ಮೇಲೆ ಬಣ್ಣ ಬಣ್ಣದ ಪದರ ಕಟ್ಟಿ ನಿಲ್ಲುತ್ತದೆ. ಅಲ್ಲಿಂದ ನಮ್ಮ ಬೋರಿಗೆ ನೂರು ಹೆಜ್ಜೆಯೂ ಇಲ್ಲ. ಗೂಟಕ್ಕೆ ಬಳಿದ ಆಯಿಲೂ ಮಳೆಗೆ ತೊಳೆದು ಅದೇ ಮಣ್ಣಿಗೆ ಬರುತ್ತದೆ. ದೊಡ್ಡಪ್ಪನವರಿಗೆ ಹೇಳು. ನಾನು ಈಗ ಡ್ರಮ್ಮಿನಲ್ಲಿ ತುಂಬಿಟ್ಟು ಸರ್ವಿಸ್ ಸೆಂಟರಿಗೆ ಕೊಡುತ್ತೇನೆ.

ಲೇಥ್ ಕಾಕಾ, ಬೆಳಗಾವಿ

ಜಮಖಂಡಿಯವರು ಹೇಳಿದ್ದು ಎಲ್ಲರೂ ಓದಬೇಕಾದದ್ದು. ಹಳೆ ಆಯಿಲಿನಲ್ಲಿ ಬರೇ ಎಣ್ಣೆ ಇರುವುದಿಲ್ಲ. ಎಂಜಿನ್ ಸವೆದ ಲೋಹ, ಪೆಟ್ರೋಲ್ ಸುಟ್ಟ ಮಸಿ, ಆಯಿಲಿಗೆ ಸೇರಿಸಿದ ಕೆಮಿಕಲ್ ಎಲ್ಲ ಇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯದ ನಿಯಮಗಳಲ್ಲಿ ಬಳಸಿದ ಆಯಿಲನ್ನೂ ಸೇರಿಸಿದ್ದಾರೆ. ಆಯಿಲ್ ತಯಾರಿಸುವ ಕಂಪನಿಗಳೇ ಹಳೆ ಆಯಿಲ್ ಮತ್ತೆ ಶುದ್ಧ ಆಗುವಂತೆ ನೋಡಿಕೊಳ್ಳಬೇಕು ಅನ್ನುವ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಂದರೆ ಇದು ಎಸೆಯುವ ವಸ್ತು ಅಲ್ಲ. ಶುದ್ಧ ಮಾಡಿದರೆ ಮತ್ತೆ ಆಯಿಲೇ ಆಗುತ್ತದೆ.

ತಂಗಿ, ನಿಮ್ಮದು ಬಾವಡಿಗಳ, ಅಂದರೆ ಹಳೆಯ ದೊಡ್ಡ ಬಾವಿಗಳ ಊರು. 1620ರಲ್ಲಿ ಕಟ್ಟಿದ ತಾಜ್ ಬಾವಡಿ ಇವತ್ತಿಗೂ ಇದೆ. ಅಂಥ ಊರಿನ ಗಟಾರಕ್ಕೆ ಮೂರು ಲೀಟರ್ ಆಯಿಲ್ ಬಿಡುವ ಮನಸ್ಸು ನಿಮಗೆ ಬರಲಿಲ್ಲ, ಮೆಟ್ಟಿಲ ಕೆಳಗೆ ಇಟ್ಟುಕೊಂಡು ಕೇಳಿದಿರಿ. ಅದು ನನಗೆ ಬಹಳ ಸೇರಿತು. ಊರಿನ ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಡ್ರಮ್ಮಿಗೆ ತುಂಬಿಡುತ್ತಾರೆ. ಹೋಗಿ ಕೇಳಿ: ಈ ಆಯಿಲ್ ಒಯ್ಯುವವರು ಯಾರು, ಅವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ. ಇದೆ ಅಂದರೆ ಕೊಟ್ಟು ಬನ್ನಿ. ಸುಡುವ ಭಟ್ಟಿಗೆ ಹೋಗುತ್ತದೆ ಅಂದರೆ ಬೇರೆ ಕಡೆ ಕೇಳಿ. ಕ್ಯಾನಿಗೆ ಪೆಟ್ರೋಲ್, ಬ್ರೇಕ್ ಆಯಿಲ್, ಕೂಲಂಟ್ ಏನೂ ಸೇರಿಸಬೇಡಿ. ಬೆರಕೆ ಆದರೆ ಅದನ್ನು ಶುದ್ಧ ಮಾಡುವುದು ಕಷ್ಟ, ಅವರು ತಗೊಳ್ಳುವುದಿಲ್ಲ. ಕ್ಯಾನಿನ ಮೇಲೆ ದೊಡ್ಡದಾಗಿ ‘ಹಳೆ ಎಂಜಿನ್ ಆಯಿಲ್’ ಅಂತ ಬರೆಯಿರಿ. ಅಡುಗೆ ಎಣ್ಣೆಯ ಕ್ಯಾನ್ ಅದು, ಮನೆಯಲ್ಲಿ ಯಾರಾದರೂ ತಪ್ಪು ತಿಳಿಯಬಾರದು.

ಸ್ಪ್ಲೆಂಡರ್ ಸವಾರ, ಬಾಗಲಕೋಟೆ

ದೊಡ್ಡಪ್ಪನಿಗೆ ಓದಿ ತೋರಿಸಿದೆ. ಹೊಲದ ಬಾವಿಯ ಹತ್ತಿರದ ಗೂಟಗಳಿಗೆ ಇನ್ನು ಬಳಿಯುವುದಿಲ್ಲ ಅಂದರು. ಉಳಿದದ್ದಕ್ಕೆ ಒಪ್ಪಿಸುತ್ತೇನೆ. ನನ್ನ ಗಾಡಿಯ ಆಯಿಲ್ ಇನ್ನು ಮೇಲೆ ಸರ್ವಿಸ್ ಸೆಂಟರಿಗೇ.

ಆಲ್ಟೊ ಟೀಚರ್, ವಿಜಯಪುರ

ಕಾಕಾ, ಸಿದ್ಧೇಶ್ವರ ಜಾತ್ರೆ ಮುಗಿದ ಮೇಲಿನ ಭಾನುವಾರ ಮಾಡಿದೆ. ರ‍್ಯಾಂಪ್ ಮಾಡಿಸಿಕೊಂಡೆ. ಕ್ಯಾನಿಗೆ ನೀವು ಹೇಳಿದ ಹಾಗೆ ಕಿಟಕಿ ಕತ್ತರಿಸಿ, ಒಂದು ಇಂಚು ಅಂಚು ಬಿಟ್ಟೆ. ಬೋಲ್ಟನ್ನು ಒಳಕ್ಕೆ ಒತ್ತಿ ತಿರುಗಿಸುತ್ತಾ ಹೋದಾಗ ಥ್ರೆಡ್ ಬಿಟ್ಟದ್ದು ನಿಜವಾಗಿ ಬೆರಳಿಗೆ ಗೊತ್ತಾಯ್ತು. ಒಂದು ಉಸಿರು ಹಿಡಿದು ಹಾಗೇ ಒತ್ತಿಕೊಂಡಿದ್ದೆ. ಆಮೇಲೆ ಎಳೆದೆ. ಧಾರೆ ಕ್ಯಾನಿನ ಆ ತುದಿಗೆ ಬಿತ್ತು, ಮೆಲ್ಲಗೆ ಹಿಂದಕ್ಕೆ ಬಂತು, ನಾನೂ ಕ್ಯಾನ್ ಎಳೆದುಕೊಂಡೆ. ಬೋಲ್ಟ್ ಕೈಯಲ್ಲೇ ಇತ್ತು. ತುದಿಗೆ ಕಾಡಿಗೆಯಂಥ ಲೇಪ ಅಷ್ಟೇ ಇತ್ತು, ಚೂರು ಏನೂ ಇರಲಿಲ್ಲ.

ಫಿಲ್ಟರಿನ ಹತ್ತಿರ ಎರಡು ಹನಿ ಚೀಲದ ಹೊರಗೆ ಬಿದ್ದವು. ರಟ್ಟಿನ ಮೇಲೆ ಬಿದ್ದದ್ದರಿಂದ ಕಲ್ಲಿಗೆ ತಾಗಲಿಲ್ಲ. ಹಳೆಯ ರಬ್ಬರ್ ರಿಂಗ್ ಎಂಜಿನಿಗೇ ಅಂಟಿಕೊಂಡಿತ್ತು ಕಾಕಾ. ನೀವು ಹೇಳದಿದ್ದರೆ ನನಗೆ ಅದು ಕಾಣುತ್ತಲೇ ಇರಲಿಲ್ಲ.

ಹೋದ ಸಲ ಇಳಿಸಿದ್ದು, ಈ ಸಲ ಇಳಿಸಿದ್ದು ಎರಡೂ ಆಯಿಲನ್ನು ಸರ್ವಿಸ್ ಸೆಂಟರಿನವರ ಡ್ರಮ್ಮಿಗೆ ಸುರಿದು ಬಂದೆ. ಅನುಮತಿ ಇರುವವರೇ ಬಂದು ಒಯ್ಯುತ್ತಾರೆ ಅಂತ ರಸೀದಿ ಪುಸ್ತಕ ತೋರಿಸಿದರು.

ಸೀಮೆಸುಣ್ಣದ ಲೇಪ ಮೂರು ಸಲ ಆಗಿದೆ. ಮೊದಲ ಸಲ ಕೆರೆದು ತೆಗೆದ ಪುಡಿ ಬೂದುಗಪ್ಪು ಆಗಿತ್ತು, ಮೂರನೇ ಸಲದ್ದು ತಿಳಿ ಹಳದಿ. ಕಲೆ ಇನ್ನೂ ಇದೆ, ಆದರೆ ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತದೆ. ನಾಲ್ಕನೆಯದನ್ನು ಮೆತ್ತುವಾಗ ಆಯಿ ಬಂದು 'ಇದೇನು ಮಾಡುತ್ತಿದ್ದೀ' ಅಂತ ಕೇಳಿದರು. ಹೇಳಿದೆ. ಆಯಿ ಒಳಗೆ ಹೋಗಿ ತಮ್ಮ ರಂಗೋಲಿ ಡಬ್ಬಿ ತಂದು, ಪುಡಿ ಕಡಿಮೆ ಬಿದ್ದರೆ ಇದನ್ನೂ ಹಾಕು ಅಂದರು.